ಯಾವ ಪಲ್ಯ ಎಂದು ಕೇಳಿದ ಡಾಕ್ಟರು

ಡಾಕ್ಟರ್ ಮರುಳಪ್ಪನವರ ಅಂಗಿಯ ಜೇಬಿನಿಂದ ಇರುವೆಗಳು ಹೊರಗೆ ಬರುತ್ತಿದ್ದವು. ಒಂದೆರಡಲ್ಲ, ಸಾಲುಸಾಲಾಗಿ. ಸಕ್ಕರೆ ಕಾಯಿಲೆಯ ಮೇಲೆ ಅರ್ಧ ಆಯುಷ್ಯ ಸಂಶೋಧನೆ ಮಾಡಿದ ಈ ಮನುಷ್ಯ ಎಡಜೇಬಿನಲ್ಲಿ ಸದಾ ಬೆಲ್ಲದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿರುತ್ತಿದ್ದರು. ನಮ್ಮ ಕಡೆಯ ಬಿಸಿಲಿಗೆ ಬೆಲ್ಲ ಕರಗುತ್ತಿತ್ತು, ಕಾಗದ ಹರಿಯುತ್ತಿತ್ತು, ಇರುವೆಗಳಿಗೆ ಹಬ್ಬವಾಗುತ್ತಿತ್ತು. ಯಾರ ಜೊತೆಗಾದರೂ ಗಂಭೀರವಾಗಿ ಮಾತಾಡುವಾಗ ಒಂದು ಇರುವೆ ಕಾಲರಿನ ಮೇಲೆ ಹತ್ತಿಬಿಟ್ಟರೆ ಅದನ್ನು ಬೆರಳ ತುದಿಯಿಂದ ಮೇಜಿನ ಮೇಲೆ ಬಿಟ್ಟು, “ಇಳಿಯಪ್ಪ, ನಿನ್ನ ಸ್ಟಾಪ್ ಬಂತು” ಎಂದು ಹೇಳಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ. ಬೆಲ್ಲದ ಡಾಕ್ಟ್ರು ಎಂದರೆ ಸಾಕಿತ್ತು.

ನಾನು ಅವರ ಬಳಿ ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನ ನರ್ಸಿಂಗ್ ಸರ್ಟಿಫಿಕೇಟನ್ನು ನೋಡಲೇ ಇಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದೇ ಪ್ರಶ್ನೆ ಕೇಳಿದರು.

“ಸುಳ್ಳು ಹೇಳ್ತೀಯೇನು?”

“ಇಲ್ಲ ಸರ್, ಯಾವತ್ತೂ ಹೇಳಲ್ಲ.”

“ಇದು ಮೊದಲನೇದು. ಕೂತ್ಕ” ಎಂದು ನಕ್ಕರು. ನಾಳೆಯಿಂದ ಬಾ ಎಂದರು. ನನಗೆ ಬೆಪ್ಪು ಹಿಡಿದಂತಾಗಿ, ಕೆಲಸ ಸಿಕ್ಕಿತೋ ಮರ್ಯಾದೆ ಹೋಯಿತೋ ತಿಳಿಯದೆ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದ್ದೆ.

ಡಾಕ್ಟರು ಚಿಗಟೇರಿಯವರು. ಊರು ಬಿಟ್ಟು ದೊಡ್ಡ ಆಸ್ಪತ್ರೆಗಳಲ್ಲಿ, ಪ್ರಯೋಗಾಲಯಗಳಲ್ಲಿ ವರ್ಷಾನುಗಟ್ಟಲೆ ದುಡಿದು, ಇನ್ಸುಲಿನ್ ಮತ್ತು ಹೃದಯದ ಔಷಧಿಗಳ ಮೇಲೆ ಕಟ್ಟುಗಟ್ಟಲೆ ಬರೆದು, ನಿವೃತ್ತಿಯಾದ ಮೇಲೆ ಹೆಂಡತಿಯೊಂದಿಗೆ ಮತ್ತೆ ಅಲ್ಲಿಗೇ ಬಂದಿದ್ದರು. ಬಂದವರು ಸುಮ್ಮನೆ ಕೂರಲಿಲ್ಲ. ಸಕ್ಕರೆ ಕಾಯಿಲೆ ಬಂದವರಿಗೆ ಇಂದಲ್ಲ ನಾಳೆ ಎದೆಯ ತೊಂದರೆಯೂ ಜೊತೆಗೂಡುತ್ತದಲ್ಲ, ಅಂಥವರಿಗೆ ಇನ್ಸುಲಿನ್ ಸೂಜಿಯ ಜೊತೆಗೆ ಹೃದಯದ ಒಂದು ಗುಳಿಗೆಯನ್ನೂ ಕೊಟ್ಟರೆ ಎಷ್ಟು ಒಳ್ಳೆಯದಾಗುತ್ತದೆ ಎಂದು ನೋಡುವುದು ಅವರ ಅಧ್ಯಯನ. ಬೇರೆ ಊರುಗಳಲ್ಲೂ ಅದು ನಡೆದಿತ್ತು. ನಮ್ಮ ಐದು ತಾಲ್ಲೂಕುಗಳ ಪಾಲು ಅವರದು. ಆ ಗುಳಿಗೆಯ ಹಿಂದೆ ಅವರು ಹತ್ತಾರು ವರ್ಷ ಬಿದ್ದಿದ್ದರು. ಅದರ ಬಗ್ಗೆ ಮಾತಾಡುವಾಗ ಮನೆಯ ಹುಡುಗನ ಬಗ್ಗೆ ಮಾತಾಡುವ ಹಾಗೆ ಅವರ ದನಿಯೇ ಬೇರೆಯಾಗುತ್ತಿತ್ತು.

ನಮ್ಮ ಆಫೀಸು ಕೊಟ್ಟೂರಿನಲ್ಲಿ, ಒಂದು ಮಿರ್ಚಿ ಮಂಡಕ್ಕಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಸಂಜೆ ನಾಲ್ಕಾಯಿತೆಂದರೆ ಕೆಳಗಿನ ಬಾಣಲೆಯ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. ಎದೆ ಪರೀಕ್ಷೆಗೆಂದು ಬಂದವರೆಲ್ಲ ಇಳಿಯುವಾಗ ಅಲ್ಲೇ ನಿಂತು ಎರಡೆರಡು ಮಿರ್ಚಿ ತಿಂದು ಹೋಗುತ್ತಿದ್ದರು. ನಾನು ಸಿಟ್ಟಾದರೆ ಡಾಕ್ಟರು, “ಬಿಡವ್ವ, ಕದ್ದು ತಿನ್ನೋದಕ್ಕಿಂತ ಕಣ್ಣೆದುರಿಗೆ ತಿನ್ನೋದು ಚಲೋ. ಲೆಕ್ಕನರ ಸಿಗ್ತೈತಿ” ಎನ್ನುತ್ತಿದ್ದರು. ರೋಗಿಗಳಿಗೆ ಅವರು ಹೇಳುತ್ತಿದ್ದ ಮಾತು ಇನ್ನೊಂದು: “ಸಕ್ಕರಿ ಅಂದ್ರ ಬೀಗರಿದ್ದಂಗ. ಭಾಳ ಬಂದು ಕುಂತ್ರೂ ಕಷ್ಟ, ಬರೋದೇ ಬಿಟ್ರೂ ಕಷ್ಟ.” ಹೆಚ್ಚಾದ ಸಕ್ಕರೆ ನಿಧಾನವಾಗಿ ಕೆಡಿಸುತ್ತದೆ, ಕಡಿಮೆಯಾದ ಸಕ್ಕರೆ ನಿಂತ ನಿಲುವಿನಲ್ಲೇ ಬೀಳಿಸುತ್ತದೆ, ಅದಕ್ಕೇ ಜೇಬಿನ ಬೆಲ್ಲ.

ಹಿರೇಹಡಗಲಿಯ ನೀಲವ್ವ ನಮ್ಮ ಅಧ್ಯಯನಕ್ಕೆ ಬಂದದ್ದು ಕಾಲಿನ ಹುಣ್ಣಿನಿಂದ. ಅರವತ್ತೈದು ದಾಟಿದ ಹೆಂಗಸು, ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಿ ತೆರೆದರೆ ಗಾದೆ. ಹೆಬ್ಬೆರಳಿನ ಹುಣ್ಣು ಮೂರು ತಿಂಗಳಿಂದ ಮಾಯುತ್ತಿರಲಿಲ್ಲ. ಬೆರಳು ತೆಗೆಯಬೇಕಾದೀತು ಎಂದು ಒಂದು ಕಡೆ ಹೇಳಿದ್ದರಂತೆ. ಸೂಜಿ ಎಂದ ಕೂಡಲೇ ಆಕೆ ಎದ್ದು ನಿಂತಳು. “ನಮ್ಮ ಓಣ್ಯಾಗ ಸೂಜಿ ಹಾಕಿಸ್ಕೊಂಡೋರು ಒಬ್ರೂ ಉಳದಿಲ್ರಿ” ಎಂದಳು. ಡಾಕ್ಟರು ವಾದಕ್ಕೆ ಹೋಗಲಿಲ್ಲ. ಒಂದು ಹೊಸ ಖಾಲಿ ಸೂಜಿ ತೆಗೆದು, ಅಂಗಿ ಎತ್ತಿ, ತಮ್ಮ ಹೊಟ್ಟೆಗೆ ಚುಚ್ಚಿಕೊಂಡು, ಹಾಗೆಯೇ ಕೈಬಿಟ್ಟು ಆಕೆಯ ಸೊಸೆಯ ತವರು ಯಾವುದು ಎಂದು ವಿಚಾರಿಸತೊಡಗಿದರು. ಸೂಜಿ ಹೊಟ್ಟೆಯ ಮೇಲೆ ನೇತಾಡುತ್ತಿತ್ತು. ನೀಲವ್ವ ಅದನ್ನೇ ನೋಡುತ್ತ ಉತ್ತರ ಹೇಳಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

“ತಗೀರಿ ಯಪ್ಪಾ, ನೋಡಾಕ ಆಗವಲ್ದು. ಹಾಕ್ರಿ ನನಗೂ.”

ಹಾಕಿದ ಮೇಲೆ, “ಇಷ್ಟನಾ? ನಿಮ್ಮ ಜೇಬಿನ ಇರುವಿ ಇದಕ್ಕಿಂತ ಜೋರು ಕಚ್ತಾವ” ಎಂದಳು.

ಎರಡು ತಿಂಗಳಲ್ಲಿ ಹುಣ್ಣು ಮಾಯತೊಡಗಿತು. ಓಣಿಯಲ್ಲಿ ಇನ್ನೂ ನಾಲ್ಕೈದು ಜನ ಸೂಜಿಗೆ ಒಪ್ಪಿದರು. ದಿನಾ ಬೆಳಿಗ್ಗೆ ಫೋನು ಮಾಡಿ, ಸೂಜಿ ತೆಗೆದುಕೊಂಡರಾ, ಊಟವಾಯಿತಾ ಎಂದು ಕೇಳಿ ಕಾಗದದಲ್ಲಿ ಬರೆಯುವುದು ನನ್ನ ಕೆಲಸ. ನಾನು ಎಲ್ಲರಿಗೂ ಶಿಸ್ತಿನಿಂದ ಹೇಳಿದ್ದೆ: ಏನೇ ಆಗಲಿ, ಬೆಳಿಗ್ಗೆಯ ಸೂಜಿ ಒಂದು ದಿನವೂ ತಪ್ಪಬಾರದು. ಆ ಶಿಸ್ತಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಶ್ರಾವಣ ಬಂತು, ಗ್ರಹಚಾರ ಜೊತೆಗೇ ಬಂತು. ಹಂಪಸಾಗರದಲ್ಲಿ ಒಬ್ಬರು ಕಣ್ಣು ಕತ್ತಲೆ ಬಂದು ಬಿದ್ದರು. ಮುಂದಿನ ವಾರ ಕೂಡ್ಲಿಗಿ ಕಡೆಯವರೊಬ್ಬರು. ಆಮೇಲೆ ನೀಲವ್ವನೇ ಕಟ್ಟೆಯ ಮೇಲಿಂದ ಜಾರಿಬಿದ್ದಳು. ದೇವರ ದಯೆ, ಪೆಟ್ಟಾಗಲಿಲ್ಲ. ಎಲ್ಲರದೂ ಒಂದೇ, ಸಕ್ಕರೆ ತೀರಾ ಇಳಿದಿತ್ತು. ಅಧ್ಯಯನವನ್ನು ನಡೆಸುವ ನಗರದ ದೊಡ್ಡವರಿಂದ ಫೋನು ಬಂತು. ಎದೆಯ ಗುಳಿಗೆಯದೇ ಕಿತಾಪತಿ ಇರಬೇಕು, ಸಕ್ಕರೆ ಇಳಿದಾಗ ಎದೆ ಡವಗುಟ್ಟಿ ಎಚ್ಚರಿಸುವುದನ್ನು ಅದು ಮುಚ್ಚಿಹಾಕುತ್ತಿರಬೇಕು, ಎರಡು ವಾರದಲ್ಲಿ ಬೇರೆ ಕಾರಣ ಸಿಗದಿದ್ದರೆ ಗುಳಿಗೆಯನ್ನೂ ನಿಮ್ಮ ಕೇಂದ್ರವನ್ನೂ ನಿಲ್ಲಿಸುತ್ತೇವೆ ಎಂದರು.

ಇತ್ತ ನೀಲವ್ವನ ಮಗ ಕೊಟ್ರೇಶ ಸೂಜಿಯ ಡಬ್ಬಿಯನ್ನು ತಂದು ಡಾಕ್ಟರ ಮೇಜಿನ ಮೇಲೆ ಕುಕ್ಕಿದ. “ಸೂಜಿನೂ ಬ್ಯಾಡ, ಗುಳಿಗಿನೂ ಬ್ಯಾಡ್ರಿ. ನಮ್ಮವ್ವ ಇದ್ದಷ್ಟು ದಿನ ಇರ್ಲಿ.”

“ಕಾಲಿನ ಹುಣ್ಣು?” ಎಂದರು ಡಾಕ್ಟರು.

“ಬೆರಳು ಹೋದ್ರ ಹೋಗ್ಲಿ, ಜೀವ ಹೋಗೋದು ಬ್ಯಾಡ.”

“ಸೂಜಿ ಬಿಟ್ರ ಬೆರಳಿಗೆ ನಿಲ್ಲಂಗಿಲ್ಲಪ್ಪ ಅದು. ಒಂದು ವಾರ ಟೈಮ್ ಕೊಡು. ಅಷ್ಟರಾಗ ಯಾಕ ಅಂತ ಹೇಳದಿದ್ರ ಡಬ್ಬಿ ನಾನೇ ಇಟ್ಕೊಂತೀನಿ.” ಕೊಟ್ರೇಶ ಒಲ್ಲದ ಮನಸ್ಸಿನಿಂದ ಡಬ್ಬಿಯನ್ನು ವಾಪಸು ತೆಗೆದುಕೊಂಡು ಹೋದ. ಓಣಿಯ ಉಳಿದವರೆಲ್ಲ ಅವನು ಏನು ಮಾಡುತ್ತಾನೆಂದು ಕಾದು ಕುಳಿತಿದ್ದರು.

ಡಾಕ್ಟರು ನನ್ನ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿ, ಪಂಚೆ ಎತ್ತಿಕಟ್ಟಿ, ಅವುಗಳ ನಡುವೆ ಕುಕ್ಕರುಗಾಲಲ್ಲಿ ಕುಳಿತರು. ಊಟವಾಯಿತೇ ಎಂಬ ಕಾಲಂ ಉದ್ದಕ್ಕೂ ಹೌದು, ಹೌದು, ಹೌದು.

“ಇಷ್ಟು ಹೌದು ನಮ್ಮನಿಯಾಕಿ ನಲವತ್ತು ವರ್ಷದಾಗ ಹೇಳಿಲ್ಲ” ಎಂದರು. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿ, “ರೇಣುಕಾ, ಬಿದ್ದಿದ್ದೆಲ್ಲ ಸೋಮವಾರ ಐತಲ್ಲ. ಶ್ರಾವಣ ಬ್ಯಾರೆ. ಒಪ್ಪತ್ತು ಮಾಡ್ತಾರೇನು ಇವರು?” ಎಂದು ಕೇಳಿದರು.

“ಇಲ್ಲ ಸರ್. ದಿನಾ ನಾನೇ ಬಾಯಾರೆ ಕೇಳೀನಿ. ಎಲ್ಲಾರೂ ಊಟ ಆತು ಅಂದಾರ. ಬೇಕಾದ್ರ ನೋಡ್ರಿ” ಎಂದೆ, ಎದೆ ಉಬ್ಬಿಸಿಕೊಂಡು.

ಅವರು ನನ್ನನ್ನು ನಂಬಿದರು. ಆ ನಂಬಿಕೆಯನ್ನು ನೆನೆಸಿಕೊಂಡರೆ ನನಗೆ ಈಗಲೂ ನಾಚಿಕೆಯಾಗುತ್ತದೆ. “ಮತ್ತ ಗುಳಿಗಿದೇ ತಪ್ಪಿದ್ರ ಗುಳಿಗಿಗೆ ಶಿಕ್ಷಿ ಆಗ್ಲಿ. ನಾ ಅಡ್ಡ ಬರಂಗಿಲ್ಲ. ಆದ್ರ ತಪ್ಪು ಮಾಡದಿರೋ ಗುಳಿಗಿಗೆ ಜೈಲು ಬ್ಯಾಡ” ಎಂದು ಕಾಗದಗಳನ್ನು ಒಂದೊಂದಾಗಿ ಎತ್ತಿಟ್ಟರು. ಅಂದು ಮೊದಲ ಸಲ ಅವರು ಇರುವೆಗೆ ಏನೂ ಹೇಳದೆ ಅದನ್ನು ಒರೆಸಿಹಾಕಿದ್ದನ್ನು ಕಂಡೆ.

ಮುಂದಿನ ಸೋಮವಾರ, ಇವರೆಲ್ಲ ಬೀಳುವ ಹೊತ್ತಿಗೇ ಹೋಗಿ ನೋಡೋಣ ಎಂದು ಹಿರೇಹಡಗಲಿಗೆ ಹೊರಟೆವು. ಡಾಕ್ಟರು ತಮ್ಮ ಹಳೆಯ ವ್ಯಾನನ್ನು ತಾವೇ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂದರೆ ತಪ್ಪಾದೀತು, ಅದು ನಡೆಯುತ್ತಿತ್ತು. ಎತ್ತಿನ ಗಾಡಿಯವರು ಹಿಂದಿನಿಂದ ದಾರಿ ಕೇಳಿದ್ದನ್ನು ನಾನೇ ಕೇಳಿದ್ದೇನೆ. ಅಂದು ನಡುದಾರಿಯಲ್ಲಿ ಚಕ್ರ ಪಂಕ್ಚರಾಗಿ, ಬೆಳಿಗ್ಗೆ ತಿನ್ನಬೇಕೆಂದಿದ್ದ ತಿಂಡಿ ತಪ್ಪಿ, ನೀಲವ್ವನ ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ನನ್ನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಅವರದೂ ಅಷ್ಟೇ.

ನೀಲವ್ವ ಕಂಬಳಿ ಹಾಸಿ ಕೂರಿಸಿದಳು. ಕೂರಿಸಿದವಳೇ ಕೇಳಿದಳು:

“ಊಟ ಆತೇನ್ರಿ ಡಾಕ್ಟ್ರ?”

“ಆತವ್ವ. ಈಗ ಉಂಡು ಹೊರಟ್ವಿ” ಎಂದರು ಡಾಕ್ಟರು, ಎಳ್ಳಷ್ಟೂ ತಡವರಿಸದೆ.

ಅವರ ಮಾತು ಮುಗಿಯುವುದಕ್ಕೂ ಅವರ ಹೊಟ್ಟೆ ಗುರ್ರ್ ಎನ್ನುವುದಕ್ಕೂ ಸರಿಹೋಯಿತು. ಸಣ್ಣ ಸದ್ದಲ್ಲ. ಬಾಗಿಲಲ್ಲಿ ನಿಂತಿದ್ದ ಕೊಟ್ರೇಶನೂ ತಿರುಗಿ ನೋಡಿದ. ನಾನು ನಗು ತಡೆಯಲು ತಲೆ ತಗ್ಗಿಸಿದೆ. ಡಾಕ್ಟರು ಮಾತ್ರ ನಗಲಿಲ್ಲ. ಬಾಯಿ ಅರ್ಧ ತೆರೆದು ಹಾಗೆಯೇ ಕುಳಿತುಬಿಟ್ಟರು. ಆಮೇಲೆ ತೊಡೆ ತಟ್ಟಿಕೊಂಡರು.

“ಸಿಕ್ತಲೇ! ನಾ ಈಗ ಸುಳ್ಳು ಹೇಳಿದೆ ರೇಣುಕಾ. ಯಾಕ ಹೇಳಿದೆ? ಇಲ್ಲ ಅಂದ್ರ ಈ ಅವ್ವ ಎದ್ದು ಅಡಿಗಿ ಮಾಡ್ತಾಳ. ಹಂಗಾಗಬಾರದು ಅಂತ ನಾಲಗಿ ತಾನೇ ಹೇಳಿಬಿಡ್ತು. ನಿನ್ನ ಫೋನಿಗೆ ಇವರು ಬ್ಯಾರೆ ಏನು ಹೇಳ್ಯಾರು?” ಎಂದು, ನೀಲವ್ವನ ಕಡೆ ತಿರುಗಿ, “ನಿಂದು ಊಟ ಆತೇನವ್ವ?” ಎಂದರು.

“ಆತ್ರಿ.”

“ರೇಣುಕಾ, ಒಳಗ ಹೋಗಿ ಒಲಿ ಮ್ಯಾಲೆ ಕೈ ಹಿಡಿದು ನೋಡು.”

ನಾನು ಒಳಗೆ ಹೋದೆ. ಒಲೆ ಸಾರಿಸಿಟ್ಟಂತೆಯೇ ಇತ್ತು, ನಿನ್ನೆಯ ಬೂದಿಯೂ ತಣ್ಣಗಿತ್ತು. ರೊಟ್ಟಿಯ ಬುಟ್ಟಿ ಬೋರಲಾಗಿತ್ತು. ಗೂಡಿನಲ್ಲಿ ಬೆಳಿಗ್ಗೆ ಬಳಸಿದ ಸೂಜಿ ಮಾತ್ರ ನಾನು ಹೇಳಿಕೊಟ್ಟ ಹಾಗೆಯೇ ಡಬ್ಬಿಯಲ್ಲಿ ಭದ್ರವಾಗಿತ್ತು. ಹೊರಗೆ ಬಂದು ಹೇಳಿದೆ.

ನೀಲವ್ವ ಒಂದಿಷ್ಟೂ ಅಳುಕಲಿಲ್ಲ. “ಶ್ರಾವಣ ಸೋಮವಾರ ಅಲ್ಲೇನ್ರಿ? ಮಧ್ಯಾಹ್ನ ಪೂಜಿ ಆದ ಮ್ಯಾಲ ಒಂದ ಹೊತ್ತು ಉಣ್ಣೋದು. ಸೂಜಿ ಒಂದು ದಿನಾನೂ ತಪ್ಪಿಸಬ್ಯಾಡ್ರಿ ಅಂತ ಈ ಹುಡುಗೀನ ಹೇಳ್ಯಾಳ, ಅಕಿ ಮಾತು ಹೆಂಗ ಮೀರ್ಲಿ? ಅದಕ್ಕ ಏಳಕ್ಕ ಹಾಕ್ಕೊಂಡೀನಿ. ಆಮ್ಯಾಲೆ ಫೋನಿನ್ಯಾಗ ಊಟ ಆತೇನ್ರಿ ಅಂತಾಳ. ಇಲ್ಲವ್ವ ಅಂತ ಯಾರಿಗರ ಅನ್ನಾಕ ಬರ್ತೈತೇನು? ಕೇಳಿದೋರ ಮನಸ್ಸು ಮರುಗಬಾರದು.”

ಹೇಳುತ್ತ ಹೇಳುತ್ತಲೇ ಆಕೆಯ ವಿಭೂತಿಯ ಮೇಲೆ ಬೆವರು ಹನಿಯಿತು. ಕೈ ನಡುಗತೊಡಗಿತು. ಡಾಕ್ಟರು ಬೆರಳು ಚುಚ್ಚಿ ನೋಡಿದರು, ಸಕ್ಕರೆ ಇಳಿದಿತ್ತು. ಜೇಬಿನಿಂದ ಬೆಲ್ಲ ತೆಗೆದು, ಇರುವೆ ಊದಿ, ಮುಂದೆ ಹಿಡಿದರು. ನೀಲವ್ವ ಬಾಯಿ ಬಿಗಿದುಕೊಂಡಳು.

“ಪೂಜಿ ಆಗಿಲ್ರಿ. ಲಿಂಗಕ್ಕ ತೋರಿಸದ ನಾ ಬಾಯಿಗೆ ಏನೂ ಹಾಕಂಗಿಲ್ಲ.”

ಕೊಟ್ರೇಶ, “ಯವ್ವಾ, ತಿನ್ನಬೇ!” ಎಂದು ಕೂಗಿದ. ಆಕೆ ತಲೆಯಾಡಿಸಿದಳು. ಕಣ್ಣು ಮಂಜಾಗುತ್ತಿತ್ತು. ನಾನು ಆಕೆಯನ್ನು ಹಿಂದಿನಿಂದ ಹಿಡಿದುಕೊಂಡೆ.

ಡಾಕ್ಟರು ದನಿ ಏರಿಸಲಿಲ್ಲ. “ತೋರಿಸಬ್ಯಾಡ ಅಂದೋರು ಯಾರವ್ವ? ತೋರಿಸು. ಲಿಂಗ ಕೊರಳಾಗೈತಿ, ನೈವೇದ್ಯ ನನ್ನ ಕೈಯಾಗೈತಿ. ದೊಡ್ಡ ಪೂಜಿ ಮಧ್ಯಾಹ್ನ ಮಾಡೂವಂತಿ.”

ನೀಲವ್ವ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ನಡುಗುವ ಕೈಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡಳು, ಬೆಲ್ಲ ತೋರಿಸಿದಳು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಒಂದಾಯಿತು, ಇನ್ನೊಂದಾಯಿತು. ಕಾಲು ಗಂಟೆಯಲ್ಲಿ ಬೆವರು ಆರಿತು. ಮೊದಲ ಮಾತು ಏನಾಡಿದಳು ಗೊತ್ತೇ? “ಬೆಲ್ಲ ಹಳೀದೈತಿ. ನಮ್ಮನ್ಯಾಗ ಕೇಳಿದ್ರ ಚಲೋದು ಕೊಡ್ತಿದ್ನಲ್ರಿ” ಎಂದಳು. ಕೊಟ್ರೇಶ ಬಾಗಿಲಿಗೆ ಒರಗಿ ನಗುತ್ತ ಕಣ್ಣು ಒರೆಸಿಕೊಂಡ.

ಒಪ್ಪತ್ತು ಬಿಡು ಎಂದು ಡಾಕ್ಟರು ಹೇಳಲಿಲ್ಲ. “ನೀ ಒಪ್ಪತ್ತು ಮಾಡಿದ ದಿನ ನಿನ್ನ ಸೂಜಿನೂ ಒಪ್ಪತ್ತು ಮಾಡ್ಲಿ” ಎಂದು, ಸೋಮವಾರಕ್ಕೇ ಬೇರೆ ಲೆಕ್ಕ ಹಾಕಿಕೊಟ್ಟರು. ಬೆಳಿಗ್ಗೆ ಸೂಜಿ ಇಲ್ಲ, ಪೂಜೆಯಾದ ಮೇಲೆ, ತಟ್ಟೆ ಎದುರಿಗೆ ಬಂದ ಮೇಲೆ, ಅದೂ ಕಡಿಮೆ. ನೀಲವ್ವ ಅದನ್ನು ಓಣಿಗೆಲ್ಲ ಕಲಿಸಿದಳು: “ಮೊದಲು ಪೂಜಿ, ಆಮ್ಯಾಲೆ ಸೂಜಿ, ಹಿಂದಿಂದನ ರೊಟ್ಟಿ.” ಸೂಜಿಯ ಡಬ್ಬಿ ಮತ್ತೆ ಕೊಟ್ಟೂರಿಗೆ ಬರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ನಾನು ಅತ್ತೆ. ನನ್ನ ಹೌದುಗಳಿಂದ ಜನ ಸಾಯುತ್ತಿದ್ದರಲ್ಲ ಎಂದು ಅತ್ತೆ, ಕೆಲಸ ಹೋಗುತ್ತದೆ ಎಂದೂ ಅತ್ತೆ. ಎರಡನೆಯ ಅಳುವೂ ಸುಳ್ಳಲ್ಲ. “ಸರ್, ಸೋಮವಾರದ ವಿಷಯ ಅಷ್ಟ ಬರೀರಿ. ನಾ ತಪ್ಪು ಬರದಿದ್ದು ಬ್ಯಾಡ್ರಿ” ಎಂದು ಬೇಡಿಕೊಂಡೆ.

“ನಮ್ಮ ತಪ್ಪು ನಾವ ಬರೀಬೇಕವ್ವ. ಬ್ಯಾರೆಯೋರು ಬರದ್ರ ಅಕ್ಷರ ಚೆಂದ ಇರಂಗಿಲ್ಲ” ಎಂದರು. ಬಿದ್ದಿದ್ದ ಉಳಿದಿಬ್ಬರದೂ ಇದೇ ಒಪ್ಪತ್ತೆಂದು ವಿಚಾರಿಸಿ ತಿಳಿದು, ಬರೆದರು ಕೂಡ. ಆದರೆ ರೇಣುಕಾ ತಪ್ಪಿದಳು ಎಂದು ಬರೆಯಲಿಲ್ಲ. “ಪ್ರಶ್ನೆಯನ್ನು ತಪ್ಪಾಗಿ ಕೇಳಿದ್ದು ನಾನು, ನಮ್ಮ ಜನರ ಸೌಜನ್ಯವನ್ನು ಮರೆತಿದ್ದೂ ನಾನು, ಇದೇ ನೆಲದಲ್ಲಿ ಹುಟ್ಟಿ ಮರೆತದ್ದಕ್ಕೆ ಕ್ಷಮೆಯಿಲ್ಲ, ಊಟದ ಕಾಲಂ ಅಷ್ಟನ್ನೂ ಅಳಿಸಿಬಿಡಿ” ಎಂದು ಬರೆದರು. ಗುಳಿಗೆ ಉಳಿಯಿತು. ಕೇಂದ್ರವೂ ಉಳಿಯಿತು. ಅಷ್ಟು ತಿಂಗಳ ಕಾಗದ ಮಾತ್ರ ಮಣ್ಣುಪಾಲಾಯಿತು, ಎಲ್ಲ ಮೊದಲಿನಿಂದ.

ಹೊಸ ಕಾಗದದಲ್ಲಿ ಊಟವಾಯಿತೇ ಎಂಬ ಪ್ರಶ್ನೆ ಇರಲಿಲ್ಲ. ಅದರ ಜಾಗದಲ್ಲಿ ಒಂದೇ ಶಬ್ದ: ಪಲ್ಯ. “ಊಟ ಆತೇನ್ರಿ ಅಂದ್ರ ದೇವರಂಥೋರೂ ಸುಳ್ಳು ಹೇಳ್ತಾರ. ಯಾವ ಪಲ್ಯ ಅಂತ ಕೇಳು, ಕಳ್ಳನೂ ಖರೇ ಹೇಳ್ತಾನ” ಎಂಬುದು ಅವರ ಸಿದ್ಧಾಂತ. ಅದು ನೂರಕ್ಕೆ ನೂರು ನಿಜವಾಯಿತು. ಪುಂಡಿಪಲ್ಯ ಎಂದು ಒಬ್ಬರು, ಬದನೆಕಾಯಿ, ಸೊಸೆ ಉಪ್ಪು ಜಾಸ್ತಿ ಹಾಕಿದಳು ಎಂದು ಇನ್ನೊಬ್ಬರು. ಉಣ್ಣದವರು ಮಾತ್ರ ತುಸು ತಡವರಿಸಿ, “ಇನ್ನಾ ಮಾಡಬೇಕವ್ವ” ಎನ್ನುತ್ತಿದ್ದರು. ಪಲ್ಯ ಎಂದರೇನು, ಇದು ಯಾವ ಪರೀಕ್ಷೆ, ಎಷ್ಟಿದ್ದರೆ ಸರಿ ಎಂದು ನಗರದಿಂದ ಯಾರೋ ಕೇಳಿದ್ದರು. ಡಾಕ್ಟರು ಆ ಪತ್ರವನ್ನು ಕೆಳಗಿನ ಮಿರ್ಚಿ ಅಂಗಡಿಯವನಿಗೂ ಓದಿ ಹೇಳಿ ನಕ್ಕಿದ್ದರು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಮರುವರ್ಷದ ಶ್ರಾವಣದ ಒಂದು ಶನಿವಾರ. ನನ್ನ ಚೀಲದೊಳಗೆ ಬೆಲ್ಲದ ಪೊಟ್ಟಣ ತುರುಕಿ, “ನೀನೂ ನಾಲ್ಕು ಇರುವಿ ಸಾಕು” ಎಂದು ಮೆಟ್ಟಿಲಿಳಿದರು. ಭಾನುವಾರ ಮಧ್ಯಾಹ್ನ ಚಿಗಟೇರಿಯ ಮನೆಯಲ್ಲಿ ಉಂಡು ಅಡ್ಡಾದವರು ಏಳಲಿಲ್ಲ. ಅವರ ಹೆಂಡತಿ ಫೋನಿನಲ್ಲಿ ಅಳುತ್ತ ಎಲ್ಲವನ್ನೂ ಹೇಳಿದರು. ಮಡಿಕೆಕಾಳಿನ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು ಎಂಬುದನ್ನೂ ಹೇಳಿದರು.

ಸೋಮವಾರ ಮಣ್ಣು ಮುಗಿಸಿಕೊಂಡು ಅಲ್ಲಿಂದ ನೇರ ಹಿರೇಹಡಗಲಿಗೆ ಹೋದೆ. ಈ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಹೊತ್ತು ಇಳಿಯತೊಡಗಿತ್ತು. ನೀಲವ್ವ ಆಗ ತಾನೇ ಪೂಜೆ ಮುಗಿಸಿ, ರೊಟ್ಟಿಯ ತಟ್ಟೆಯನ್ನು ಎದುರಿಗಿಟ್ಟುಕೊಂಡು, ಸೂಜಿ ಕೈಗೆ ತೆಗೆದುಕೊಂಡಿದ್ದಳು. ನನ್ನ ಮುಖ ನೋಡಿಯೇ ಕೈ ನಿಲ್ಲಿಸಿದಳು. ಹೇಳಿದೆ.

ಸೂಜಿಯನ್ನು ತಟ್ಟೆಯ ಪಕ್ಕಕ್ಕೆ ಇಟ್ಟಳು. ಆಮೇಲೆ ಕೇಳಿದಳು.

“ಉಂಡಿದ್ನೇನು?”

“ಉಂಡಿದ್ರಂತ.”

“ಯಾವ ಪಲ್ಯ?”

“ಮಡಿಕಿಕಾಳು. ಎರಡು ಸಲ ಹಾಕಿಸ್ಕೊಂಡ್ರಂತ.”

“ಹಂಗಾದ್ರ ಖರೇನ ಉಂಡಾನ” ಎಂದು ತಲೆಯಾಡಿಸಿದಳು. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದಳು. “ತಡಿ. ಸೂಜಿ ಹಾಕ್ಕೊಂತೀನಿ, ಉಣ್ತೀನಿ, ಆಮ್ಯಾಲೆ ಅಳ್ತೀನಿ. ಉಣ್ಣದ ಅತ್ತು ಬಿದ್ರ ಅವ ಬೈತಾನ.”

ಸೂಜಿ ಹಾಕಿಕೊಂಡಳು. ರೊಟ್ಟಿ ಮುರಿದಳು. ಮೊದಲ ತುತ್ತು ಬಾಯಿಗಿಡುವ ಮುನ್ನ ನನ್ನ ಕಡೆ ನೋಡಿ, “ನಿಂದು ಊಟ ಆತೇನವ್ವ?” ಎಂದಳು.

“ಇಲ್ಲವ್ವ” ಎಂದೆ. “ನಿನ್ನಿ ಮಧ್ಯಾಹ್ನದಿಂದ ಆಗಿಲ್ಲ.”

ನೀಲವ್ವ ಎದ್ದು ಇನ್ನೊಂದು ತಟ್ಟೆ ತಂದಳು. ಅಂದು ಬದನೆಕಾಯಿ ಪಲ್ಯ ಮಾಡಿದ್ದಳು. ಇಬ್ಬರೂ ಪೂರ್ತಿ ಉಂಡು, ಕೈತೊಳೆದು ಬಂದು, ಆಮೇಲೆ ಕುಳಿತು ಅತ್ತೆವು.